ಹುಲಿಯಪ್ಪನ ಹೆಸರಿಗೆ ಬಂದ ನೋಟೀಸು

ನಾನು ಉಮಾಮಹೇಶ್ವರಿ. ಭದ್ರಾವತಿ ತಾಲೂಕು ಕಚೇರಿ ಮುಂದೆ ಅರ್ಜಿ ಬರೆಯುತ್ತೇನೆ. ನನಗೆ ಸಿಟ್ಟು ಜಾಸ್ತಿ ಅನ್ನುತ್ತಾರೆ. ಈ ಕಥೆ ಕೇಳಿದರೆ ನಿಮಗೂ ಬರುತ್ತದೆ.

ಅದು 2004. ಕರಾವಳಿಯ ಪಟ್ಟಣದ ಹಳೇ ಬಂದರಿನಲ್ಲಿ ಲಾರಿ ತಿರುಗಿಸಲೂ ಜಾಗವಿಲ್ಲವೆಂದು ಊರ ಹೊರಗೆ ಹೊಸ ಬಂದರು ಕಟ್ಟುತ್ತಾರೆ ಎಂಬ ಸುದ್ದಿ. ಅಲ್ಲಿಗೆ ಹೋಗುವ ಸರಕು ಇಳಿಸಿಡಲು ನಮ್ಮ ಭದ್ರಾವತಿ ಹೊರಗೊಂದು ಯಾರ್ಡು. ಅದಕ್ಕೆಂದು ಸರ್ಕಾರ ವಶಪಡಿಸಿಕೊಳ್ಳಲು ಗುರುತಿಸಿದ ಜಮೀನಿನಲ್ಲಿ ನನ್ನ ಪರಿಚಯದ ಕರಿಯಣ್ಣನ ಒಂದೂವರೆ ಎಕರೆ ಗದ್ದೆಯೂ ಇತ್ತು. ಆ ಮನೆಯ ಅನ್ನ ಅದೊಂದೇ.

ಒಂದು ಸಂಜೆ ಅವನ ಹೆಂಡತಿ ಪುಷ್ಪಮ್ಮ ಓಡಿ ಬಂದಳು.

"ಉಮಕ್ಕ, ನೋಟೀಸ್ ಬಂದಿತ್ತಂತೆ. ಇವರು ವಾಪಸ್ ಕಳಿಸಿಬಿಟ್ಟಿದಾರೆ!"

ಅವಳ ಜೊತೆಗೇ ಹೋದೆ. ಕರಿಯಣ್ಣ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಯಾಕೋ ಮಾರಾಯ ಕಳಿಸಿದೆ?"

"ಅದು ನಮ್ಮಪ್ಪ ಹುಲಿಯಪ್ಪನ ಹೆಸರಿಗಿತ್ತು ಅಕ್ಕ. ಅಪ್ಪ ಮಸಣದಲ್ಲಿದಾನೆ, ಅಲ್ಲೇ ಹೋಗಿ ಕೊಡು ಅಂದೆ," ಎಂದು ನಕ್ಕ. "ಸಹಿ ಹಾಕ್ದೆ ಅದು ಹೆಂಗೆ ಜಾರಿ ಆಗುತ್ತೆ?"

ನನಗೆ ಮೈಯೆಲ್ಲ ಉರಿದುಹೋಯಿತು.

"ಥೂ, ನಿನ್ನ ಬುದ್ಧಿಗಿಷ್ಟು! ಪೇಪರ್‌ನಲ್ಲಿ ಬಂದಿದೆ, ಪಂಚಾಯ್ತಿ ಗೋಡೆಗೂ ಅಂಟಿಸಿದಾರೆ. ಮೂವತ್ತು ದಿನದೊಳಗೆ ತಕರಾರು ಬರೆದು ಕೊಡ್ಬೇಕು. ಇವತ್ತಿಗೆ ಇಪ್ಪತ್ತಾರು!"

"ನಾನಿರೋವಾಗ ನನ್ನ ಗದ್ದೆ ಯಾರು ತಗೋತಾರೆ?"

"ನಿನ್ನದು ಅಂತ ಯಾರು ಹೇಳಿದ್ದು? ಪಹಣಿಲಿ ಯಾರ ಹೆಸರಿದೆ?"

ಜಮೀನಿನ ದಾಖಲೆಯಾದ ಪಹಣಿಯಲ್ಲಿ ಇನ್ನೂ ಹುಲಿಯಪ್ಪನ ಹೆಸರೇ ಇತ್ತು. ಅಪ್ಪ ತೀರಿಕೊಂಡು ಹನ್ನೆರಡು ವರ್ಷ. ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯನ್ನು ಮಾಡಿಸಿಯೇ ಇರಲಿಲ್ಲ. ಹೆಸರು ತೆಗೆಸಿದರೆ ಅಪ್ಪನನ್ನೇ ಮನೆಯಿಂದ ಹೊರಗೆ ಹಾಕಿದ ಹಾಗೆ ಎಂದು ಅವನ ಸಂಕಟ.

ಪುಷ್ಪಮ್ಮ ಕೂಗಿಯೇಬಿಟ್ಟಳು. "ವರ್ಷ ವರ್ಷ ಮಾವನಿಗೆ ಎಡೆ ಇಡ್ತೀರಿ. ಅವರು ಬಿಟ್ಟುಹೋದ ಗದ್ದೆಗೋಸ್ಕರ ಒಂದಿನ ಆಫೀಸಿಗೆ ಹೋಗಕ್ಕಾಗ್ಲಿಲ್ಲ. ಮಕ್ಕಳಿಗೆ ಏನು ಉಣ್ಣಿಸ್ಲಿ? ಹೇಳಿ!"

ಕರಿಯಣ್ಣ ಎಲೆ ಕೆಳಗಿಟ್ಟು ಎದ್ದ.

ಮರಣ ಪತ್ರ, ವಂಶವೃಕ್ಷ ಎಂದು ಎರಡು ದಿನ ಅಲೆದೆವು. ಇಪ್ಪತ್ತೊಂಬತ್ತನೇ ದಿನ ತಕರಾರು ತೆಗೆದುಕೊಳ್ಳುವ ಶಿವಮೊಗ್ಗದ ಎ.ಸಿ. ಕಚೇರಿಗೆ ಹೋದೆವು. ಗುಮಾಸ್ತರು ಪಟ್ಟಿ ನೋಡಿ, "ಇಲ್ಲಿ ಹುಲಿಯಪ್ಪ ಅಂತಿದೆ. ನೀವ್ಯಾರು?" ಎಂದರು. ಹನ್ನೆರಡು ವರ್ಷ ಉತ್ತವನು ನನ್ನ ಮುಖ ನೋಡಿದ. ನಾನು ಬರೆದಿಟ್ಟಿದ್ದ ತಕರಾರನ್ನೂ ವಂಶವೃಕ್ಷವನ್ನೂ ಮುಂದಿಟ್ಟೆ.

"ಅವರ ಮಗ. ತಗೊಂಡು ಸೀಲ್ ಹಾಕಿ ಕೊಡಿ."

ಸೀಲು ಬಿದ್ದ ಪ್ರತಿ ಹಿಡಿದು ಹೊರಗೆ ಬಂದ ಮೇಲೆ ಕರಿಯಣ್ಣ, "ಅಕ್ಕ, ಖಾತೆ ಅರ್ಜಿನೂ ಇವತ್ತೇ ಬರೀರಿ" ಎಂದ. ಗದ್ದೆ ಉಳಿಯುತ್ತದೆಂದು ನಾನು ಹೇಳುವ ಹಾಗಿರಲಿಲ್ಲ. ಆದರೆ ತಕರಾರು ಕೊಟ್ಟ ಮೇಲೆ ವಿಚಾರಣೆಗೆ ಅವನನ್ನು ಕರೆಯಲೇಬೇಕಿತ್ತು. ಪಕ್ಕದ ಗದ್ದೆಯ ಕೆಂಚಪ್ಪ ನನ್ನ ಹತ್ತಿರ ಬಂದದ್ದು ಮೂವತ್ತೈದನೇ ದಿನ. ಅವನ ನೋಟೀಸು ಅಜ್ಜನ ಹೆಸರಲ್ಲಿತ್ತು. ಅವನು ಕೈಮುಗಿದು ನಿಂತಿದ್ದ, ನಾನು ಬೈಯಲೂ ಆಗದೆ ಕೂತಿದ್ದೆ.

ಅಣ್ಣಂದಿರೇ, ಅಕ್ಕಂದಿರೇ, ಇವತ್ತೇ ನಿಮ್ಮ ಪಹಣಿ ತೆಗೆಸಿ. ಸತ್ತವರ ಹೆಸರಿದ್ದರೆ ಬದಲಿಸಿ. ನೋಟೀಸು ಬಂದರೆ ತಗೊಂಡು ತಾರೀಖು ನೋಡಿ, ತಕರಾರು ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ. ಮೂವತ್ತೊಂದನೇ ದಿನಕ್ಕೆ ಬರೆಯುವ ಅರ್ಜಿ ನನ್ನ ಹತ್ತಿರ ಇಲ್ಲ.