ಕಿವಿ ಕತ್ತರಿಸಿದ ಗಂಡಿಲಿ

ಪುಷ್ಯದ ಚಳಿ. ಮೂಡಿಗೆರೆ ಕಡೆಯ ಆ ತೋಟದಲ್ಲಿ ಕಾಫಿ ಹಣ್ಣಿನ ಕೊಯ್ಲು ನಡೆದಿತ್ತು. ಹೆಂಗಸರು ಬುಟ್ಟಿ ಹೊತ್ತು ಕಣಕ್ಕೆ ಬರುತ್ತಿದ್ದರು. ಲಕ್ಕಯ್ಯ ಮಾತ್ರ ಕಾಡಂಚಿನ ಬೋನುಗಳಿಗೆ ಬಿದ್ದ ಇಲಿಗಳನ್ನು ಗೋಣಿಯಲ್ಲಿ ತಂದು ಪ್ಲೇಗಿನ ಡಾಕ್ಟರ ಶೆಡ್ಡಿಗೆ ಇಳಿಸಿದ. ಅವನ ತೀರಿಹೋದ ಹೆಂಡತಿ ಸಿದ್ದಮ್ಮನ ಅಕ್ಕ ಹುಚ್ಚಮ್ಮ, ಔಷಧಿಯಿಂದ ಮಂಪರು ಹಿಡಿದ ಇಲಿಗಳನ್ನು ನೀರಿನ ತಟ್ಟೆಯ ಮೇಲೆ ಹಿಡಿದು ಬಾಚುತ್ತಿದ್ದಳು. ಉದುರಿದ, ಪ್ಲೇಗು ಹರಡುವ ಚಿಗಟಗಳನ್ನು ಡಾಕ್ಟರು ಎಣಿಸುತ್ತಿದ್ದರು.

“ಹೆಣ್ಣಿಲೀಲಿ ಮೂರು. ಗಂಡಿನಲ್ಲಿ ಹದಿನೇಳು. ದಿನಾ ಇದೇ ಕತೆ.”

“ಯಾಕ್ ಸ್ವಾಮಿ ಹಂಗೆ?” ಹುಚ್ಚಮ್ಮ ಕೇಳಿದಳು.

“ಹೆಣ್ಣು ಬಿಲದ ಹತ್ರಾನೇ ಇರುತ್ತೆ. ಗಂಡು ಹೆಣ್ಣು ಹುಡುಕ್ಕೊಂಡು ಬಿಲದಿಂದ ಬಿಲಕ್ಕೆ ಅಲೆಯುತ್ತೆ. ಈ ಕಿವಿ ನೋಡು, ಹೋದ ವಾರ ಹಳ್ಳದಾಚೆ ಗುರುತಿಗೆ ಕತ್ತರಿಸಿ ಬಿಟ್ಟಿದ್ದೆ. ಇಲ್ಲೀತನಕ ಬಂದಿದೆ. ಹೋದಲ್ಲೆಲ್ಲ ಚಿಗಟ ಹತ್ತಿಸ್ಕೊಂಡು ಬರುತ್ತೆ.”

“ನಮ್ಮ ಗಂಡಸರ ಥರಾನೇ ಅನ್ನಿ!”

ಲಕ್ಕಯ್ಯ ನಗಲಿಲ್ಲ.

ಹೋದ ವರ್ಷ ಪ್ಲೇಗು ಬಂದು ಸೂರಿನಿಂದ ಇಲಿ ಸತ್ತು ಬಿದ್ದಾಗ ಊರಿಗೆ ಊರೇ ಮನೆ ಬಿಟ್ಟು ಬಯಲಿನ ಗುಡಿಸಲು ಸೇರಿತ್ತು. ಯಾರೂ ಹಿಂದಿರುಗಿ ಹೋಗಬಾರದೆಂದು ಕಟ್ಟಪ್ಪಣೆ. ಹತ್ತನೆಯ ದಿನ ಸಿದ್ದಮ್ಮ ಸತ್ತಳು. ಉಪ್ಪಿನಕಾಯಿ ಭರಣಿಯ ಆಸೆಗೆ ಕದ್ದು ಮನೆಗೆ ಹೋಗಿದ್ದಳೆಂದು ಲಕ್ಕಯ್ಯ ಹೇಳಿದ. ಊರು ನಂಬಿತು. ಇವತ್ತಿಗೂ ಕೊಯ್ಲಿನ ಹೆಂಗಸರು ಹುಚ್ಚಮ್ಮನ ಬುತ್ತಿ ನೋಡಿ, “ಉಪ್ಪಿನಕಾಯಿ ಇಲ್ವೇನೇ? ನಿನ್ ತಂಗಿ ಜೀವ ಕೊಟ್ಟು ತಂದಿದ್ಲಲ್ಲ!” ಎನ್ನುತ್ತಿದ್ದರು.

ಡಾಕ್ಟರು ಕೈ ತೊಳೆಯಲು ಹೊರಗೆ ಹೋದರು.

“ಅತ್ತಿಗೆ,” ಎಂದ ಲಕ್ಕಯ್ಯ, ಎಷ್ಟು ಬೋನು ಖಾಲಿ ಬಂತೆಂದು ಹೇಳುವ ದನಿಯಲ್ಲಿ. “ಸಿದ್ದಿ ಮನೆಗೆ ಹೋಗಿರ್ಲಿಲ್ಲ. ಹೋದವ್ನು ನಾನು. ಚಳಿ ಅಂತ ಕಂಬಳಿ ತಂದೆ. ಅವ್ಳಿಗೇ ಹೊದಿಸ್ದೆ.”

ಬಾಚಣಿಗೆ ನಿಂತಿತು. ತಟ್ಟೆಯ ನೀರಿನಲ್ಲಿ ಒಂದು ಚಿಗಟ ಇನ್ನೂ ಕಾಲಾಡಿಸುತ್ತಿತ್ತು.

“ನಂಗ್ಯಾಕೆ ಹೇಳ್ತೀಯ?” ಎಂದಳು ಹುಚ್ಚಮ್ಮ. “ನಗೋರೆಲ್ಲ ಕಣದಲ್ಲಿದಾರೆ. ಹೋಗು, ಅಲ್ಲಿ ಹೇಳು.”

ಲಕ್ಕಯ್ಯ ಕಣಕ್ಕೆ ಹೋದ. ಹಣ್ಣು ಹರಡುತ್ತಿದ್ದ ಹೆಂಗಸರ ಮುಂದೆ ನಿಂತು ಅಷ್ಟನ್ನೂ ಹೇಳಿದ. ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ.

“ಏನ್ ಮಾರಾಯ, ಜೋರಾಗಿ ಹೇಳು!” ಎಂದ ಮೇಸ್ತ್ರಿ.

ಮತ್ತೊಮ್ಮೆ ಹೇಳಿದ. ಈ ಸಲ ಕೈಗಳೆಲ್ಲ ನಿಂತವು. ಯಾರೂ ಬೈಯಲಿಲ್ಲ.

ಎದೆ ಹಗುರಾಗುತ್ತದೆಂದುಕೊಂಡಿದ್ದ, ಏನೂ ಆಗಲಿಲ್ಲ. ಶೆಡ್ಡಿಗೆ ಮರಳಿ ಖಾಲಿ ಬೋನುಗಳನ್ನು ಹೆಗಲಿಗೇರಿಸಿದ. ಹುಚ್ಚಮ್ಮ ತಲೆಯೆತ್ತದೆ ಮುಂದಿನ ಇಲಿಯನ್ನು ಎತ್ತಿಕೊಂಡಳು.