ಮುದ್ದಮ್ಮನ ಆನೆಸಾಲು

ಬುದ್ಧನ ಪಟದ ಪಕ್ಕ ಅತ್ತೆಯ ಪಟ ತೂಗುಹಾಕಿದ ದಿನದಿಂದ ನನಗೆ ಒಂದೇ ಕನಸು. ಭಾನುವಾರ ಮಧ್ಯಾಹ್ನ ಉಂಡು ಕಣ್ಣು ಮುಚ್ಚಿದರೆ ಸಾಕು, ಹಳೇಬೀಡಿನ ಗುಡಿಯ ಗೋಡೆಯಿಂದ ಕಲ್ಲಾನೆಗಳು ಇಳಿದು ಹುಲ್ಲಿನ ಮೇಲೆ ಸಾಲಾಗಿ ನಡೆಯುತ್ತವೆ. ಸದ್ದೇ ಇಲ್ಲ. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡ ಮುದ್ದಮ್ಮ, ನನ್ನ ಅತ್ತೆ, ಒಂದೊಂದರ ಹಣೆ ಸವರಿ ಹೆಸರು ಕೂಗುತ್ತಾರೆ. ಮೊದಲು ಹೆತ್ತ ಮಕ್ಕಳು ಸ್ವಾಮಿ, ನನ್ನ ಗಂಡ ಧರ್ಮೇಶ, ಲತಾಮಣಿ, ಆಮೇಲೆ ಮೊಮ್ಮಕ್ಕಳು. ನನ್ನ ಸರದಿ ಬರುವಷ್ಟರಲ್ಲಿ ಎಚ್ಚರವಾಗಿಬಿಡುತ್ತದೆ. ಸತ್ತ ಮೇಲೂ ಸತಾಯಿಸುವುದೆಂದರೆ ಇದೇ.

ಅತ್ತೆ ಇಪ್ಪತ್ತಾರು ವರ್ಷ ಆ ಗುಡಿಯ ಸುತ್ತಲಿನ ಹುಲ್ಲುಹಾಸಿನಲ್ಲಿ ದಿನಗೂಲಿ ಮಾಡಿದವರು. ಒಳಗೆ ಹೋದದ್ದನ್ನು ನಾನು ಕಾಣೆ. "ಒಳಗಿರೋನು ಒಳಗಿರ್ಲಿ, ನನ್ನವು ಹೊರಗವೆ" ಎನ್ನುತ್ತಿದ್ದರು. ಕೂತು ಕಳೆ ಕೀಳುವವರ ಕಣ್ಣಿಗೆ ನೇರ ಬೀಳುವುದು ಗೋಡೆಯ ಕೆಳಸಾಲಿನ ಆನೆಗಳೇ. ಮನೆಯಲ್ಲಿ ಹುಟ್ಟಿದ ಒಬ್ಬೊಬ್ಬರಿಗೂ ಅವುಗಳಲ್ಲಿ ಒಂದೊಂದನ್ನು ಅತ್ತೆ ಗೊತ್ತು ಮಾಡಿದ್ದರು. ಶಾಲೆಯಲ್ಲಿ ನಾನು ಹಾಜರಿ ಕರೆಯುವ ಹಾಗೆ, ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಎಲ್ಲದರ ಹಣೆ ಮುಟ್ಟಿ ಬರುತ್ತಿದ್ದರು.

ತೊಂಬತ್ತೊಂದರಲ್ಲಿ ನಾನು ಮದುವೆಯಾಗಿ ಬಂದ ವಾರಕ್ಕೆ ನನ್ನನ್ನೂ ಕರೆದೊಯ್ದರು. ಸೊಂಡಿಲು ಬಾಯಿಗಿಟ್ಟುಕೊಂಡ ಆನೆಯೊಂದನ್ನು ತೋರಿಸಿ, "ಇವ್ನೇ ಕಣವ್ವ ನಿನ್ ಗಂಡ. ಹುಟ್ದಾಗ್ಲಿಂದ ಬಾಯಾಡ್ಸೋದೇ ಕೆಲ್ಸ" ಎಂದರು.

"ನಂದ್ಯಾವುದತ್ತೆ?" ಎಂದೆ ನಗುತ್ತ.

"ನೋಡಾನ ತಡಿ."

ಅತ್ತೆ ಇರುವಷ್ಟು ಕಾಲ, ಹದಿಮೂರು ವರ್ಷ, ತಡೆದೆ. ನನ್ನ ಮಗಳಿಗೆ ಹುಟ್ಟಿದ ಒಂಬತ್ತನೇ ದಿನಕ್ಕೇ ಆನೆ ಸಿಕ್ಕಿತು. ನಾನು ಮಾತ್ರ ಹೊರಗಿನವಳಾಗಿಯೇ ಉಳಿದೆ. ಆ ರೋಷಕ್ಕೆ ಗುಡಿಯ ಕಡೆ ಮತ್ತೆ ಕಾಲಿಡಲಿಲ್ಲ.

ಕಾರಣವೂ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಅರಸೀಕೆರೆಯಲ್ಲಿ ಮನೆ ಮಾಡಿದ ಮೇಲೆ ಧರ್ಮೇಶ್‌ಗೆ ಇಸ್ಪೀಟಿನ ಚಟ ಹತ್ತಿತು. ನಾನು ಆಟದ ಮನೆಗೇ ನುಗ್ಗಿ, ಹತ್ತು ಜನರೆದುರು ಅಂಗಿಯ ತುದಿ ಹಿಡಿದು ಮನೆಗೆ ಎಳೆದು ತರುತ್ತಿದ್ದೆ. ಒಂದು ಸಲವಲ್ಲ, ಮೂರು ವರ್ಷ. ಊರಿಂದ ಬಂದಾಗಲೆಲ್ಲ ಅತ್ತೆ ಇದನ್ನು ಜಗುಲಿಯಲ್ಲಿ ಕೂತು ನೋಡುತ್ತಿದ್ದರು. ತುಟಿ ಬಿಚ್ಚುತ್ತಿರಲಿಲ್ಲ. ಹೆತ್ತ ಕರುಳಿಗೆ ಸೊಸೆಯ ಗಂಡುಬೀರಿತನ ಹಿಡಿಸಿಲ್ಲ ಅಂದುಕೊಂಡೆ. ಚಟ ಬಿಟ್ಟಿತು, ಆ ಮುಳ್ಳು ಉಳಿಯಿತು.

ಅತ್ತೆ ಹೋಗಿ ಮೂರು ತಿಂಗಳಿಗೆ, ಕನಸಿನ ಕಾಟ ತಾಳಲಾರದೆ, ಧರ್ಮೇಶ್ ಜೊತೆ ಹಳೇಬೀಡಿಗೆ ಹೋದೆ. ಮಾರ್ಗಶಿರದ ಬೆಳಗು, ಮಂಜಿನಲ್ಲಿ ಗುಡಿ ಇನ್ನೂ ಮಂಪರಿನಲ್ಲಿತ್ತು. ಎದ್ದಿದ್ದೇನೋ ಮಲಗಿದ್ದೇನೋ ಎಂದು ನನಗೇ ಅನುಮಾನ. ಅತ್ತೆಯ ಆನೆಗಳನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಮುಟ್ಟಿ ಮುಟ್ಟಿ ಅವುಗಳ ಹಣೆ ಮಾತ್ರ ಮಿನುಗುತ್ತಿತ್ತು.

ಧರ್ಮೇಶ್‌ರ ಆನೆಯ ಮುಂದೆ ನಾನು ನಿಂತಿದ್ದಾಗ ಹುಲ್ಲಿನಲ್ಲಿ ಕೂತಿದ್ದ ಮುದುಕಿಯೊಬ್ಬರು ತಲೆಯೆತ್ತಿದರು. ಅತ್ತೆಯ ಜೊತೆ ಕೂಲಿ ಮಾಡಿದ ಸುಮಿತ್ರಮ್ಮ.

"ಮುದ್ದಕ್ಕನ ಸೊಸೆ ಅಲ್ವೇನವ್ವ ನೀನು? ಬಾಲ ಎಳೆಯೋಳು?"

"ಯಾವ ಬಾಲ?"

ಅವರು ಕುಡುಗೋಲಿನ ಹಿಡಿಯಿಂದ ತೋರಿಸಿದರು. ಧರ್ಮೇಶ್‌ರ ಆನೆಯ ಬೆನ್ನಿಗೇ ಇನ್ನೊಂದು. ಅದರ ಸೊಂಡಿಲು ಮುಂದಿನದರ ಬಾಲಕ್ಕೆ ಸುತ್ತಿಕೊಂಡು ಬಿಗಿಯಾಗಿ ಜಗ್ಗುತ್ತಿತ್ತು. ಮದುವೆಯ ಹೊಸತರಲ್ಲಿ ಬಂದಾಗ ನಾನು ನೋಡಿದ್ದು ಅತ್ತೆ ತೋರಿಸಿದ್ದನ್ನಷ್ಟೇ. ಅತ್ತೆಯ ಸಾಲಿಗೆ ತಡವಾಗಿ ಸೇರಿದ್ದರೂ ಇದರ ಹಣೆ ಎಲ್ಲಕ್ಕಿಂತ ನುಣುಪಾಗಿತ್ತು.

"ಇದನ್ನ ದಿನಕ್ಕೆ ಎಲ್ಡು ಸಲ ಮುಟ್ಟೋಳು" ಎಂದರು ಸುಮಿತ್ರಮ್ಮ.

"ನನಗ್ಯಾಕೆ ಹೇಳಲಿಲ್ಲ?"

"ಹೇಳುದ್ರೆ ನಾಚ್ಕೊಂಡು ಬಾಲ ಬುಟ್ಬುಟ್ಟಾಳು ಅಂತ ಮುದ್ದಕ್ಕಂಗೆ ಭಯ. ಅವ್ಳು ಬುಟ್ರೆ ನನ್ ಮಗ ಉಳಿಯಾಕಿಲ್ಲ ಕಣೇ, ಅನ್ನೋಳು. ನಾನು ಹುಡುಕಿದ್ ಸೊಸೆ ಅಲ್ಲ, ಎಂಟ್ನೂರು ವರ್ಷದಿಂದ ಇಲ್ಲೇ ನಿಂತವ್ಳೆ, ಅನ್ನೋಳು."

ನನಗೆ ಅಳು ತಡೆಯಲಾಗಲಿಲ್ಲ. ಆ ಹಣೆಯ ಮೇಲೆ ಕೈಯಿಟ್ಟೆ. ಅತ್ತೆಯ ಅಂಗೈ ಸವೆಸಿದ ಜಾಗಕ್ಕೆ ನನ್ನ ಅಂಗೈ ಸರಿಯಾಗಿ ಕೂತಿತು. ಬದುಕಿದ್ದಾಗ ಒಮ್ಮೆಯೂ ಅವರ ಕೈ ಹಿಡಿದವಳಲ್ಲ ನಾನು.

"ಬಸ್ಸಿಗೆ ಹೊತ್ತಾಯ್ತು, ನಡಿ" ಎಂದು ಧರ್ಮೇಶ್ ಮುಂದೆ ಹೊರಟರು.

ನಾನು ಕಣ್ಣೊರೆಸಿಕೊಂಡು ಹಿಂದಿನಿಂದ ಅವರ ಅಂಗಿಯ ತುದಿ ಹಿಡಿದೆ. ಅವರು ನಿಂತರು. ಸುಮಿತ್ರಮ್ಮ ಹುಲ್ಲಿನ ಮೇಲೆ ಕೂತಲ್ಲೇ ನಗತೊಡಗಿದರು.