ಸೀನಿದವಳು

ನಮಿತಾ ಬಾಗಿಲು ತೆಗೆದರೆ ಹೊರಗೆ ಗಂಡನ ಅಕ್ಕ ತನುಜಾ ನಿಂತಿದ್ದಳು. ಅವಳ ಹಿಂದೆ ಮಗಳು ಸಮೃದ್ಧಿ, ದುಪಟ್ಟಾದ ತುದಿಯಲ್ಲಿ ಮೂಗು ಒತ್ತಿ ಹಿಡಿದುಕೊಂಡು. ಕಾನಸೂರಿನಿಂದ ಶಿರಸಿ ಪೇಟೆಗೆ ಬಂದರೂ ತಮ್ಮನ ಮನೆ ಕಡೆ ತಲೆ ಹಾಕದವಳು ಹೇಳದೆ ಕೇಳದೆ ಬಂದಿದ್ದಾಳೆಂದರೆ ಏನೋ ಬೇಕಾಗಿದೆ ಎಂದು ನಮಿತಾಳಿಗೆ ಹೊಳೆಯಿತು.

"ನೀನು ಎಂತ ಔಷಧ ತಗಂಡೆ ಮಾರಾಯ್ತಿ?" ಕೂರುವ ಮೊದಲೇ ತನುಜಾ ಕೇಳಿದಳು. "ಈ ವರ್ಷ ನಿಂಗೆ ಸೀನೇ ಇಲ್ಲೆ ಹೇಳಿ ತಮ್ಮ ವಿಘ್ನೇಶ್ವರ ಹೇಳ್ತಿದ್ದ. ನಮ್ಮ ಸಮೃದ್ಧಿ ಕೂಸಿಗೆ ಮದ್ವೆ ನಿಶ್ಚಯ ಹತ್ರ ಬಂತು. ಮಾವಿನ ಹೂ ಬಿಟ್ಟಾಗಿಂದ ಇದರದ್ದು ಇದೇ ಕತೆ."

"ಕೂತ್ಕ ಅತ್ತಿಗೆ, ಚಾ ಮಾಡ್ತೆ," ಎಂದು ನಮಿತಾ ಒಳಗೆ ಹೋದಳು. ಒಲೆ ಹಚ್ಚುತ್ತ ಹಾಡು ಗುನುಗಿಕೊಂಡಳು. ಖುಷಿಗೆ.

ನಮಿತಾಳಿಗೆ ಮದುವೆಯಾದ ವರ್ಷವೇ ಆದದ್ದು ಅದು. ಕಾನಸೂರಿನಲ್ಲಿ ತನುಜಾಳ ಹೊಸ ಮನೆಯ ಪ್ರವೇಶ. ಪುರೋಹಿತರು ಸಂಕಲ್ಪ ಹೇಳಿಸುತ್ತಿದ್ದಾಗ ನಮಿತಾ ಸೀನಿದಳು, ಒಂದಕ್ಕೇ ನಿಲ್ಲಲಿಲ್ಲ. ತನುಜಾ ಎದ್ದು ಬಂದು ಅವಳ ರಟ್ಟೆ ಹಿಡಿದು, "ಶುಭಕಾರ್ಯದಲ್ಲಿ ಸೀನವಕ್ಕೆ ಹಿತ್ಲಕಡೆ ಜಾಗ ಇದ್ದು," ಎಂದು ನೆಂಟರೆಲ್ಲ ನೋಡುತ್ತಿರುವಂತೆಯೇ ಹೊರಗೆ ನಡೆಸಿದ್ದಳು. ಊಟದ ಪಂಕ್ತಿಯಲ್ಲೂ ಬಿಡಲಿಲ್ಲ. ಬಡಿಸುವವನಿಗೆ ಆ ತುದಿಯಿಂದಲೇ ಕೂಗಿ ಹೇಳಿದ್ದಳು: "ಅದಕ್ಕೆ ಮೊಸರು, ಮಜ್ಜಿಗೆ ಎಂತದೂ ಬ್ಯಾಡ. ಮೊದಲೇ ಸೀನಬುರ್ಕಿ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ವಿಘ್ನೇಶ್ವರನೂ ಎಲೆಯ ಮೇಲೆ ಬಗ್ಗಿ ನಕ್ಕ. ಆಮೇಲೆ ತನುಜಾಳ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಅದೂ ಆ ಸೀನಿನ ಲೆಕ್ಕಕ್ಕೇ ಸೇರಿತು. ಅಲ್ಲಿಂದ ಆ ಮನೆಯ ಕಾರ್ಯಗಳಿಗೆ ವಿಘ್ನೇಶ್ವರ ಒಬ್ಬನೇ ಹೋಗಿಬರುತ್ತಿದ್ದ.

ಕಳೆದ ದೀಪಾವಳಿಯ ನಂತರ ನಮಿತಾ ಪೇಟೆಯ ವೈದ್ಯರೊಬ್ಬರ ಹತ್ತಿರ ಹೋಗಿದ್ದಳು. ಅವರು ಮೂಗಿಗೆ ಸ್ಪ್ರೇ ಬರೆದು, ಜೊತೆಗೆ ಪ್ರೋಬಯಾಟಿಕ್ ಪುಡಿಯ ಪೊಟ್ಟಣಗಳನ್ನೂ ಬರೆದರು. "ಇದರಲ್ಲಿರುವುದು ಒಳ್ಳೆಯ ಬ್ಯಾಕ್ಟೀರಿಯಾ. ಹೊಟ್ಟೆ ಸರಿಯಿದ್ದರೆ ಕೆಲವರಿಗೆ ಈ ಹೂವಿನ ಧೂಳಿನ ಅಲರ್ಜಿಯ ಕಾಟವೂ ಕಡಿಮೆಯಾಗುತ್ತದೆ. ಎಲ್ಲರಿಗೂ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಹೂ ಬಿಡುವ ಮೊದಲೇ ಶುರುಮಾಡಿ ನೋಡಿ. ಮೊಸರು ತಿನ್ನುತ್ತೀರಲ್ಲ?"

"ಇಲ್ಲ."

"ಯಾಕೆ?"

ಅವಳು ಚೀಟಿ ಮಡಚಿಕೊಂಡು ಎದ್ದಳು. ಮನೆಗೆ ಬಂದವಳೇ ಬಟ್ಟಲು ತುಂಬ ಗಟ್ಟಿ ಮೊಸರು ಹಾಕಿಕೊಂಡು ತಿಂದಳು. ಪ್ರತಿ ತುತ್ತಿಗೂ ತನುಜಾಳ ಮುಖ ಎದುರಿಗಿತ್ತು. ಪೊಟ್ಟಣ ಕತ್ತರಿಸಿ ನೀರಿಗೆ ಸುರಿಯುವಾಗಲೂ ಅಷ್ಟೇ. ಮಾವಿಗೆ ಹೂ ಬಂತು. ಮೂಗು ತುರಿಸಿತು, ಕಣ್ಣು ಸ್ವಲ್ಪ ಉರಿಯಿತು. ಮೊದಲಿನ ಹಾಗೆ ಬೆನ್ನು ಮುರಿಯುವ ಸೀನು ಬರಲಿಲ್ಲ. ಅದು ಪುಡಿಯ ಗುಣವೋ, ಸ್ಪ್ರೇಯದೋ, ಹಟದ್ದೋ, ಅವಳು ಕೇಳಿಕೊಳ್ಳಲು ಹೋಗಲಿಲ್ಲ.

ಚಹಾ ತಂದಿಡುತ್ತಿದ್ದಂತೆ ಸಮೃದ್ಧಿ ಸೀನಿದಳು. ಇಷ್ಟು ವರ್ಷ ಬಾಯಲ್ಲೇ ಮಸೆದಿಟ್ಟ ಮಾತು ತಾನಾಗಿ ಹೊರಬಿತ್ತು.

"ಶುಭದ ಮಾತಾಡಕಾದ್ರೆ ಸೀನವಕ್ಕೆ ಹಿತ್ಲಕಡೆ ಜಾಗ ಇದ್ದು, ಅತ್ತಿಗೆ."

ತನುಜಾಳ ಮುಖ ಕಪ್ಪಿಟ್ಟಿತು. ಆದರೆ ಎದ್ದದ್ದು ಸಮೃದ್ಧಿ. ಯಾವ ಕಡೆ ಎಂದು ಕೂಡ ಕೇಳದೆ, ಅಡುಗೆಮನೆ ದಾಟಿ ಹಿತ್ತಲಿಗೆ ನಡೆದಳು.

ನಮಿತಾ ಹಿಂದೆಯೇ ಓಡಿದಳು. ಹುಡುಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

"ಒಳಗೆ ಬಾ ತಂಗಿ. ಅದು ನಿಂಗೆ ಹೇಳಿದ್ದಲ್ಲ."

"ಇಲ್ಲೇ ಅಡ್ಡಿಲ್ಲೆ ಅತ್ತೆ. ಯಾರಾದ್ರೂ ಬಂದ್ರೆ ಮನೇಲೂ ಆಯಿ ಹಿಂಗೇ ಕಳಸ್ತು," ಎಂದು ತಾಯಿ ಕೂತಿದ್ದ ಕಡೆ ನೋಡಿದಳು.

ನಮಿತಾ ಅವಳ ಪಕ್ಕ ಕೂತು ವೈದ್ಯರ ವಿಷಯ, ಸ್ಪ್ರೇಯ ವಿಷಯ, ಪುಡಿಯ ವಿಷಯ ಎಲ್ಲ ಹೇಳಿದಳು. "ನಿಂಗೆ ತಾಗ್ತೋ ಇಲ್ಯೋ ಗೊತ್ತಿಲ್ಲೆ. ಅವ್ರಿಗೆ ಒಂದ್ಸಲ ತೋರಸು," ಎಂದಳು. ಹೇಳುತ್ತ ಹೇಳುತ್ತ ತನುಜಾಳ ಮೇಲಿನ ಸಿಟ್ಟು ಇಳಿಯುವ ಬದಲು ಇನ್ನೂ ಏರಿತು.

ಅವಳು ಒಳಗೆ ಬಂದಾಗ ತನುಜಾ ಚಹಾ ಮುಟ್ಟಿರಲಿಲ್ಲ.

"ಔಷಧ ಹೇಳಿದ್ಯ ಕೂಸಿಗೆ?"

"ಹೇಳಿದ್ದೆ. ನಿಂಗೂ ಒಂದು ಹೇಳದಿದ್ದು. ನಿಶ್ಚಯಕ್ಕೆ ಆನೂ ಬರ್ತೆ. ಎದುರಿಗೇ ಕೂತ್ಕತ್ತೆ. ಕೂಸು ಸೀನಿದ್ರೆ ಅದು ಅಪಶಕುನ ಅಲ್ಲ ಹೇಳಿ ಎಲ್ಲರೆದುರಿಗೆ ನೀನೇ ಹೇಳವು. ಇಲ್ದಿದ್ರೆ ಆನು ಎದ್ದು ನನ್ನ ಕತೆ ಹೇಳ್ತೆ."

ತನುಜಾ ನೆಲ ನೋಡಿದಳು. ಕೊನೆಗೆ, "ಹೂಂ," ಅಂದಳು.

ನಿಶ್ಚಯದ ದಿನ ಸಮೃದ್ಧಿ ಬಹಳ ಹೊತ್ತು ತಡೆದುಕೊಂಡಿದ್ದಳು. ಔಷಧ ಶುರುಮಾಡಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಪುರೋಹಿತ ಅನಂತಮೂರ್ತಿ ಭಟ್ಟರು ಲಗ್ನಪತ್ರಿಕೆ ಓದಲು ಗಂಟಲು ಸರಿಮಾಡಿಕೊಂಡಾಗ ಸೀನು ಬಂದೇಬಿಟ್ಟಿತು. ಭಟ್ಟರು ಕಾಗದ ಕೆಳಗಿಳಿಸಿದರು. ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಹುಡುಗಿ ಏಳಲು ಹೊರಟಾಗ ನಮಿತಾ ಅವಳ ಸೆರಗು ಹಿಡಿದು ಕೂರಿಸಿದಳು. ಆಮೇಲೆ ತಿರುಗಿ ತನುಜಾಳನ್ನೇ ನೋಡಿದಳು.

"ಅದು ಹೂವಿನ ಧೂಳಿಗೆ ಬಪ್ಪ ಸೀನು," ತನುಜಾ ಗೊಣಗಿದಳು.

"ಎಂತ ಹೇಳ್ತಾ ಇದ್ದೆ? ಕೇಳ್ತಿಲ್ಲೆ," ಗಂಡಿನ ಅಜ್ಜಿ ಕಿವಿಗೆ ಕೈ ಹಚ್ಚಿದಳು. "ಗಟ್ಟಿ ಹೇಳೇ."

ನಮಿತಾ ಕಣ್ಣು ಕದಲಿಸಲಿಲ್ಲ. ನೆರವಿಗೆ ಒಂದು ಮಾತನ್ನೂ ಕೊಡಲಿಲ್ಲ.

"ಧೂಳಿನ ಸೀನು! ಅಪಶಕುನ ಅಲ್ಲ!" ತನುಜಾಳ ದನಿ ಒಡೆಯಿತು. "ನಮಿತಂಗೂ ಇದೇ ಇದ್ದಿತ್ತು. ಆನೇ ತಿಳೀದೇ... ಅದನ್ನ ಹೊರಗೆ ಹಾಕಿದ್ದೆ."

"ಅಷ್ಟೇಯ?" ಎಂದು ಅಜ್ಜಿ ಮದುವೆಯ ಗಂಡಿನ ಕಡೆ ಬೆರಳು ತೋರಿಸಿದಳು. "ನಮ್ಮನೆ ಮಾಣಿಯೂ ಬೆಳಗಾದ್ರೆ ಸೀನ್ತ. ಓದಿ ಭಟ್ರೇ."

ಯಾರೋ ನಕ್ಕರು. ಭಟ್ಟರು ಓದಿದರು.

ಊಟಕ್ಕೆ ಮೊದಲು ತನುಜಾ ಮುತ್ತೈದೆಯರಿಗೆ ಕುಂಕುಮ ಕೊಡುತ್ತ ಬಂದಳು. ನಮಿತಾಳ ಎದುರು ನಿಂತಾಗ ಅವಳ ಕಣ್ಣು ಕೆಂಪಾಗಿತ್ತು. ನಮಿತಾ ಕೈಯಲ್ಲಿದ್ದ ಪಾನಕದ ಲೋಟ ಕೆಳಗಿಡಲಿಲ್ಲ. ಸಾವಕಾಶ, ಗುಟುಕು ಗುಟುಕಾಗಿ ಕುಡಿದು ಮುಗಿಸಿದಳು. ತನುಜಾ ಬಟ್ಟಲು ಹಿಡಿದು ನಿಂತೇ ಇದ್ದಳು.

ಆಮೇಲೆ ನಮಿತಾ ಹಣೆ ಮುಂದೆ ಮಾಡಿದಳು. ತನುಜಾ ಇಟ್ಟ ಕುಂಕುಮ ಮೂಗಿನ ಮೇಲೆ ಉದುರಿತು. ನಮಿತಾ ಅದನ್ನು ಒರೆಸಿಕೊಳ್ಳಲಿಲ್ಲ.